ಪತಿ ಅಥವಾ ಪತ್ನಿಯನ್ನು ಸೇರಲು ಅಮೆರಿಕಕ್ಕೆ ತೆರಳುವವರ ವಲಸೆ ವೀಸಾ ಸಂದರ್ಶನ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಪತಿ ಅಥವಾ ಪತ್ನಿಯನ್ನು ಕಾಯಂ ಆಗಿ ಸೇರಿಕೊಳ್ಳಲು ಬಯಸುವವರು ವಲಸೆ ವೀಸಾ ಪಡೆಯುವುದು ಅವಶ್ಯಕ. ಅರ್ಜಿಯ ಅಂತಿಮ ಹಂತವೇ ಸಂದರ್ಶನ. ಕರ್ನಾಟಕದ ಅರ್ಜಿದಾರರನ್ನು ಇದಕ್ಕಾಗಿ ಸಾಮಾನ್ಯವಾಗಿ ಮುಂಬೈನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಅಮೆರಿಕದ ಕಾನ್ಸುಲೇಟ್ ಜನರಲ್ ಕಚೇರಿಗೆ ಕರೆಯಲಾಗುತ್ತದೆ. ಸಂದರ್ಶನದ ಸ್ಥಳ, ದಿನಾಂಕ ಮತ್ತು ವೇಳೆಯ ವಿಷಯದಲ್ಲಿ ಅರ್ಜಿದಾರರಿಗೆ ಬಂದಿರುವ ಸಂದರ್ಶನ ಪತ್ರವೇ ಅಂತಿಮ.

ಈ ಸಂದರ್ಶನದಲ್ಲಿ ಅಧಿಕಾರಿಯು ಮುಖ್ಯವಾಗಿ ಪರಿಶೀಲಿಸುವ ವಿಷಯ ಒಂದೇ: ವಿವಾಹವು ನೈಜವಾದದ್ದೇ, ಅಥವಾ ವೀಸಾಕ್ಕಾಗಿಯೇ ಏರ್ಪಡಿಸಿದ್ದೇ ಎಂಬುದು. ಆದುದರಿಂದ ಕಂಠಪಾಠ ಮಾಡಿದ ಉತ್ತರಗಳಿಗಿಂತ ಸತ್ಯವಾದ ಉತ್ತರ ಹಾಗೂ ಒಂದಕ್ಕೊಂದು ಹೊಂದುವ ದಾಖಲೆಗಳೇ ಅರ್ಜಿದಾರರಿಗೆ ಆಧಾರ.

ವೀಸಾ ನೀಡುವ ಅಥವಾ ನಿರಾಕರಿಸುವ ಅಧಿಕಾರವು ಸಂಪೂರ್ಣವಾಗಿ ಅಮೆರಿಕ ಸರ್ಕಾರದ್ದಾಗಿರುತ್ತದೆ. ರಾಜ್ಯ ಸರ್ಕಾರದ ಯಾವುದೇ ಇಲಾಖೆಯು ಈ ಬಗ್ಗೆ ಶಿಫಾರಸು ಮಾಡಲು ಅವಕಾಶವಿರುವುದಿಲ್ಲ. ರಾಜ್ಯದ ಕಚೇರಿಗಳಿಂದ ಪಡೆಯಬೇಕಾದ ದಾಖಲೆಗಳನ್ನು ಸಕಾಲದಲ್ಲಿ ಸಿದ್ಧಪಡಿಸಿಕೊಳ್ಳಲು ಹಾಗೂ ಸಂದರ್ಶನವನ್ನು ಅಂಜಿಕೆಯಿಲ್ಲದೆ ಎದುರಿಸಲು ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ವೀಸಾದ ವರ್ಗಗಳು

ಅ) ಐಆರ್-1: ಅಮೆರಿಕದ ಪೌರರ ಪತಿ ಅಥವಾ ಪತ್ನಿಗೆ ನೀಡುವ ವೀಸಾ. ಅಮೆರಿಕ ಪ್ರವೇಶಿಸುವ ದಿನಕ್ಕೆ ವಿವಾಹವಾಗಿ ಎರಡು ವರ್ಷ ತುಂಬಿರತಕ್ಕದ್ದು.

ಆ) ಸಿಆರ್-1: ಪ್ರವೇಶದ ದಿನಕ್ಕೆ ವಿವಾಹವಾಗಿ ಎರಡು ವರ್ಷ ತುಂಬದಿದ್ದಲ್ಲಿ ಈ ವರ್ಗ ಅನ್ವಯಿಸುತ್ತದೆ. ಇದರಡಿ ದೊರೆಯುವ ಕಾಯಂ ನಿವಾಸಿ ಪತ್ರವು ಷರತ್ತಿಗೊಳಪಟ್ಟಿದ್ದು, ಎರಡು ವರ್ಷ ಮಾತ್ರ ಸಿಂಧುವಾಗಿರುತ್ತದೆ.

ಇ) ಎಫ್-2ಎ: ಅಮೆರಿಕದ ಪೌರತ್ವವಿಲ್ಲದೆ ಕಾಯಂ ನಿವಾಸಿಯಾಗಿರುವ, ಅಂದರೆ ಗ್ರೀನ್ ಕಾರ್ಡ್ ಹೊಂದಿರುವವರ ಪತಿ ಅಥವಾ ಪತ್ನಿಗೆ ಅನ್ವಯಿಸುವ ವರ್ಗ. ಮೊದಲೆರಡು ವರ್ಗಗಳಿಗೆ ವಾರ್ಷಿಕ ಸಂಖ್ಯಾಮಿತಿ ಇರುವುದಿಲ್ಲ. ಈ ವರ್ಗಕ್ಕೆ ಮಿತಿಯಿದ್ದು, ಸರದಿಗಾಗಿ ಕಾಯಬೇಕಾಗುತ್ತದೆ. ಸರದಿಯ ದಿನಾಂಕವು ಅಮೆರಿಕದ ವಿದೇಶಾಂಗ ಇಲಾಖೆಯು ಪ್ರತಿ ತಿಂಗಳು ಹೊರಡಿಸುವ ವೀಸಾ ಪ್ರಕಟಣೆಯಲ್ಲಿ ಇರುತ್ತದೆ.

ಎಚ್-1ಬಿ ವೀಸಾದ ಮೇಲೆ ಉದ್ಯೋಗದಲ್ಲಿರುವವರ ಪತಿ ಅಥವಾ ಪತ್ನಿಗೆ ದೊರೆಯುವ ಎಚ್-4 ವೀಸಾ ತಾತ್ಕಾಲಿಕ ಸ್ವರೂಪದ್ದು. ಅದರ ಅರ್ಜಿ ನಮೂನೆ, ಶುಲ್ಕ ಮತ್ತು ಕ್ರಮ ಬೇರೆಯಾಗಿದ್ದು, ಈ ಪುಟದ ವಿವರಗಳು ಅದಕ್ಕೆ ಅನ್ವಯಿಸುವುದಿಲ್ಲ.

3. ಸಂದರ್ಶನಕ್ಕೆ ಮುಂಚಿನ ಹಂತಗಳು

3.1 ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿಯು ಅಲ್ಲಿನ ಪೌರತ್ವ ಮತ್ತು ವಲಸೆ ಸೇವೆಗಳ ಸಂಸ್ಥೆಗೆ ಐ-130 ನಮೂನೆಯಲ್ಲಿ ಮನವಿ ಸಲ್ಲಿಸತಕ್ಕದ್ದು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಇದರ ಶುಲ್ಕ ಆನ್‌ಲೈನ್ ಮೂಲಕ 625 ಡಾಲರ್, ಕಾಗದದ ಮೂಲಕ 675 ಡಾಲರ್.

3.2 ಮನವಿ ಅಂಗೀಕಾರವಾದ ನಂತರ ಕಡತವು ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ವರ್ಗಾವಣೆಯಾಗುತ್ತದೆ. ಅಲ್ಲಿ ವಲಸೆ ವೀಸಾ ಅರ್ಜಿಗೆ 325 ಡಾಲರ್ ಹಾಗೂ ಆರ್ಥಿಕ ಬೆಂಬಲ ಪ್ರಮಾಣಪತ್ರದ ಪರಿಶೀಲನೆಗೆ 120 ಡಾಲರ್ ಪಾವತಿಸಬೇಕಾಗುತ್ತದೆ. ಶುಲ್ಕಗಳು ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ಪಾವತಿಗೆ ಮುನ್ನ ಪ್ರಚಲಿತ ದರವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

3.3 ಭಾರತದಲ್ಲಿರುವ ಅರ್ಜಿದಾರರು ಡಿಎಸ್-260 ನಮೂನೆಯನ್ನು ಆನ್‌ಲೈನ್ ಮೂಲಕ ಭರ್ತಿ ಮಾಡತಕ್ಕದ್ದು. ಇದನ್ನು ಬೇರೆಯವರಿಂದ ತುಂಬಿಸಿದರೂ ಪ್ರತಿಯೊಂದು ಉತ್ತರಕ್ಕೂ ಅರ್ಜಿದಾರರೇ ಹೊಣೆಗಾರರು. ಭರ್ತಿ ಮಾಡಿದ ನಮೂನೆಯ ಪ್ರತಿಯನ್ನು ತೆಗೆದಿಟ್ಟುಕೊಂಡು, ಸಂದರ್ಶನಕ್ಕೆ ಮುನ್ನ ಪೂರ್ತಿಯಾಗಿ ಓದಿಕೊಳ್ಳುವುದು ಒಳಿತು.

3.4 ಮನವಿ ಸಲ್ಲಿಸಿದ ಪತಿ ಅಥವಾ ಪತ್ನಿಯು ಐ-864 ನಮೂನೆಯಲ್ಲಿ ಆರ್ಥಿಕ ಬೆಂಬಲದ ಪ್ರಮಾಣಪತ್ರವನ್ನು ತಮ್ಮ ಆದಾಯ ತೆರಿಗೆ ದಾಖಲೆಗಳೊಂದಿಗೆ ನೀಡತಕ್ಕದ್ದು. ಸಾಮಾನ್ಯವಾಗಿ ಅವರ ಆದಾಯವು ಅಮೆರಿಕ ಸರ್ಕಾರವು ಪ್ರಕಟಿಸುವ ಬಡತನ ಮಾರ್ಗಸೂಚಿಯ ಶೇಕಡಾ 125ಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಆದಾಯ ಸಾಲದಿದ್ದಲ್ಲಿ ಅಮೆರಿಕದಲ್ಲಿ ನೆಲೆಸಿರುವ ಅರ್ಹ ವ್ಯಕ್ತಿಯೊಬ್ಬರು ಜಂಟಿ ಪ್ರಾಯೋಜಕರಾಗಬಹುದು.

3.5 ಹಿಂದಿನ ವಿವಾಹದಿಂದ ಮಕ್ಕಳಿದ್ದಲ್ಲಿ ಗಮನಿಸತಕ್ಕ ಅಂಶ: ಮನವಿದಾರರು ಅಮೆರಿಕದ ಪೌರರಾಗಿದ್ದರೆ ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಐ-130 ಸಲ್ಲಿಸಬೇಕಾಗುತ್ತದೆ. ತಾಯಿ ಅಥವಾ ತಂದೆಯ ಅರ್ಜಿಯೊಂದಿಗೆ ಮಗು ತಾನಾಗಿ ಸೇರ್ಪಡೆಯಾಗುವುದಿಲ್ಲ.

4. ರಾಜ್ಯದಲ್ಲಿ ಪಡೆಯಬೇಕಾದ ದಾಖಲೆಗಳು

4.1 ವಿವಾಹ ನೋಂದಣಿ ಪ್ರಮಾಣಪತ್ರ

ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನ ಅಥವಾ ಮಠ ನೀಡಿದ ಪತ್ರ ಮತ್ತು ಲಗ್ನಪತ್ರಿಕೆ ಇವು ಪೂರಕ ದಾಖಲೆಗಳೇ ಹೊರತು ವಿವಾಹ ನೋಂದಣಿಗೆ ಬದಲಿಯಲ್ಲ. ಹಿಂದೂ ವಿವಾಹ ಅಧಿನಿಯಮ, 1955ರ ಅಡಿಯಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸಿ ಪ್ರಮಾಣಪತ್ರ ಪಡೆಯತಕ್ಕದ್ದು. ಇತರ ವಿಧಿಗಳ ಪ್ರಕಾರ ನಡೆದ ವಿವಾಹಗಳನ್ನು ವಿಶೇಷ ವಿವಾಹ ಅಧಿನಿಯಮ, 1954ರ ಅಡಿಯಲ್ಲಿಯೂ ನೋಂದಾಯಿಸಲು ಅವಕಾಶವಿದೆ. ಈ ಅಧಿನಿಯಮದಲ್ಲಿ 30 ದಿನಗಳ ಸೂಚನಾ ಅವಧಿ ಇರುವುದರಿಂದ, ಕೆಲವೇ ದಿನಗಳ ರಜೆಯ ಮೇಲೆ ಬರುವ ವರ ಅಥವಾ ವಧು ಮುಂಚಿತವಾಗಿಯೇ ಯೋಜಿಸಿಕೊಳ್ಳುವುದು ಸೂಕ್ತ.

ವೀಸಾ ಅರ್ಜಿ ಬೇಗ ಸಲ್ಲಿಸಬೇಕೆಂಬ ಕಾರಣದಿಂದ ಶಾಸ್ತ್ರೋಕ್ತ ವಿವಾಹಕ್ಕೆ ಹಲವು ತಿಂಗಳು ಮುಂಚೆಯೇ ಹಿಂದೂ ವಿವಾಹ ಅಧಿನಿಯಮದಡಿ ನೋಂದಣಿ ಮಾಡಿಸಿಕೊಳ್ಳುವ ರೂಢಿ ಕಂಡುಬರುತ್ತದೆ. ಇದು ಅಪಾಯಕಾರಿ. ವಿಧಿಬದ್ಧ ವಿವಾಹ ಕಾರ್ಯ ನಡೆಯದೆ ಪಡೆದ ನೋಂದಣಿ ಪತ್ರ ಮಾತ್ರದಿಂದ ಆ ಅಧಿನಿಯಮದಡಿ ವಿವಾಹ ಏರ್ಪಟ್ಟಂತಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ವೀಸಾದಂತಹ ಅನುಕೂಲಕ್ಕಾಗಿ ಹೀಗೆ ನೋಂದಾಯಿಸುವುದನ್ನೂ ನ್ಯಾಯಾಲಯವು ಆಕ್ಷೇಪಿಸಿದೆ. ಧಾರ್ಮಿಕ ವಿಧಿಗೆ ಮುಂಚೆಯೇ ಕಾನೂನುಬದ್ಧವಾಗಿ ವಿವಾಹವಾಗಲು ಬಯಸುವವರಿಗೆ ವಿಶೇಷ ವಿವಾಹ ಅಧಿನಿಯಮವೇ ಸರಿಯಾದ ಮಾರ್ಗ.

4.2 ಜನನ ಪ್ರಮಾಣಪತ್ರ

ಜನನ ಸ್ಥಳದ ನೋಂದಣಾಧಿಕಾರಿಯಿಂದ ಪಡೆದ ಪ್ರಮಾಣಪತ್ರದಲ್ಲಿ ಅರ್ಜಿದಾರರ ಹೆಸರು, ಜನ್ಮದಿನಾಂಕ, ಜನ್ಮಸ್ಥಳ ಮತ್ತು ತಂದೆ ತಾಯಿಯ ಹೆಸರು ಇರತಕ್ಕದ್ದು. ಜನನದ ನೋಂದಣಿಯೇ ಆಗಿರದಿದ್ದಲ್ಲಿ ಆ ಕುರಿತು ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣಪತ್ರ ಪಡೆದು, ಅದರೊಂದಿಗೆ ಶಾಲಾ ದಾಖಲೆ ಹಾಗೂ ಜನನದ ವಿಷಯ ಬಲ್ಲ ಹಿರಿಯರ ಪ್ರಮಾಣಪತ್ರವನ್ನು ಸಲ್ಲಿಸಬಹುದು.

4.3 ಪೊಲೀಸ್ ಪರಿಶೀಲನಾ ಪ್ರಮಾಣಪತ್ರ

16 ವರ್ಷ ತುಂಬಿದ ಅರ್ಜಿದಾರರಿಗೆ ಇದು ಕಡ್ಡಾಯ. ಸ್ಥಳೀಯ ಪೊಲೀಸ್ ಠಾಣೆಯ ಪತ್ರ ಸಾಲದು. ಪಾಸ್‌ಪೋರ್ಟ್ ಪ್ರಾಧಿಕಾರವು ನೀಡಿದ ಪ್ರಮಾಣಪತ್ರವೇ ಬೇಕು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ 500 ರೂಪಾಯಿ ಶುಲ್ಕ ಪಾವತಿಸಿ ನಿಗದಿತ ದಿನದಂದು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹಾಜರಾಗತಕ್ಕದ್ದು. ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಮತ್ತು ಕಲಬುರಗಿಯಲ್ಲಿ ಈ ಕೇಂದ್ರಗಳಿವೆ. ಬೇರೊಂದು ದೇಶದಲ್ಲಿ ಈ ಹಿಂದೆ ಒಂದು ವರ್ಷ ಅಥವಾ ಹೆಚ್ಚು ಕಾಲ ನೆಲೆಸಿದ್ದವರು ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಹಾಜರುಪಡಿಸಬೇಕಾಗುತ್ತದೆ.

4.4 ಹಿಂದಿನ ವಿವಾಹದ ದಾಖಲೆಗಳು

ಪತಿ ಪತ್ನಿಯರಲ್ಲಿ ಯಾರಿಗಾದರೂ ಹಿಂದೆ ವಿವಾಹವಾಗಿದ್ದಲ್ಲಿ ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ ಅಥವಾ ಮರಣ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು. ಸಂಕೋಚದಿಂದಲೋ ಮನೆಯವರ ಒತ್ತಾಯದಿಂದಲೋ ಹಿಂದಿನ ವಿವಾಹವನ್ನು ಮರೆಮಾಚುವುದು ಸಲ್ಲದು. ವಿಚ್ಛೇದಿತರೆಂಬ ಕಾರಣಕ್ಕೆ ವೀಸಾ ನಿರಾಕರಣೆಯಾಗುವುದಿಲ್ಲ. ಮರೆಮಾಚಿದ ಕಾರಣಕ್ಕೆ ಆಗಬಹುದು.

4.5 ಭಾಷಾಂತರ

ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಭಾಷಾಂತರವನ್ನು ಲಗತ್ತಿಸತಕ್ಕದ್ದು. ಭಾಷಾಂತರ ಸರಿಯಾಗಿದೆಯೆಂದೂ ತಾನು ಎರಡೂ ಭಾಷೆಗಳನ್ನು ಬಲ್ಲೆನೆಂದೂ ಭಾಷಾಂತರಕಾರರು ಸಹಿಯೊಡನೆ ದೃಢೀಕರಿಸಿರಬೇಕು.

5. ಹೆಸರಿನ ವ್ಯತ್ಯಾಸದ ಬಗ್ಗೆ

ನಮ್ಮ ರಾಜ್ಯದಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬಳಸುವುದು ರೂಢಿ. ಇದರಿಂದಾಗಿ ಶಾಲಾ ದಾಖಲೆಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ, ವಿವಾಹ ಪ್ರಮಾಣಪತ್ರದಲ್ಲಿ ಮತ್ತೊಂದು ರೀತಿ ಹೆಸರು ನಮೂದಾಗಿರುವುದುಂಟು. ಪಾಸ್‌ಪೋರ್ಟಿನಲ್ಲಿ ಉಪನಾಮದ ಸ್ಥಳವನ್ನು ಖಾಲಿ ಬಿಟ್ಟಿದ್ದಲ್ಲಿ ಅಮೆರಿಕದ ವೀಸಾದಲ್ಲಿ ಅರ್ಜಿದಾರರ ಪೂರ್ಣ ಹೆಸರು ಉಪನಾಮದ ಸ್ಥಳಕ್ಕೆ ಹೋಗಿ, ಹೆಸರಿನ ಸ್ಥಳದಲ್ಲಿ ‘ಎಫ್‌ಎನ್‌ಯು’ ಎಂದು ನಮೂದಾಗುತ್ತದೆ. ಮುಂದೆ ಅಲ್ಲಿ ಬ್ಯಾಂಕು, ವಾಹನ ಚಾಲನಾ ಪರವಾನಗಿ ಮುಂತಾದ ಕಡೆಗಳಲ್ಲಿ ಇದು ತೊಡಕನ್ನುಂಟುಮಾಡುತ್ತದೆ. ಆದುದರಿಂದ ಡಿಎಸ್-260 ಸಲ್ಲಿಸುವ ಮುನ್ನವೇ ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಉಪನಾಮವನ್ನು ವಿಂಗಡಿಸಿಕೊಳ್ಳುವುದು ಒಳ್ಳೆಯದು. ವಿವಾಹಾನಂತರ ಪತಿಯ ಹೆಸರನ್ನು ಸೇರಿಸಿಕೊಳ್ಳುವುದು ಕಡ್ಡಾಯವಲ್ಲ.

6. ವೈದ್ಯಕೀಯ ಪರೀಕ್ಷೆ

ಸಂದರ್ಶನ ಪತ್ರದೊಂದಿಗೆ ತಿಳಿಸಲಾದ ಅಧಿಕೃತ ವೈದ್ಯರಲ್ಲಿ ಮಾತ್ರ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಬೇರೆ ವೈದ್ಯರ ವರದಿಯನ್ನು, ಅವರು ಎಷ್ಟೇ ಪರಿಣತರಾಗಿದ್ದರೂ, ಪರಿಗಣಿಸುವುದಿಲ್ಲ. ಎದೆಯ ಎಕ್ಸ್-ರೇ, ರಕ್ತ ಪರೀಕ್ಷೆ ಮತ್ತು ಲಸಿಕೆಗಳ ಪರಿಶೀಲನೆ ಇದರಲ್ಲಿ ಸೇರಿವೆ. ಲಸಿಕೆಯ ದಾಖಲೆಗಳಿದ್ದಲ್ಲಿ ಒಯ್ಯುವುದರಿಂದ ಮತ್ತೆ ಲಸಿಕೆ ಹಾಕಿಸಿಕೊಳ್ಳುವುದು ತಪ್ಪಬಹುದು. ಗರ್ಭಿಣಿಯರು ಎಕ್ಸ್-ರೇಗೆ ಮುನ್ನ ವೈದ್ಯರಿಗೆ ಕಡ್ಡಾಯವಾಗಿ ತಿಳಿಸತಕ್ಕದ್ದು. ಕ್ಷಯದ ಲಕ್ಷಣ ಕಂಡುಬಂದಲ್ಲಿ ಹೆಚ್ಚಿನ ಪರೀಕ್ಷೆಗೆ ಕೆಲವು ವಾರಗಳು ಬೇಕಾಗುವುದರಿಂದ, ಸಂದರ್ಶನದ ಹಿಂದಿನ ದಿನದವರೆಗೆ ಕಾಯದೆ ಮುಂಚೆಯೇ ಪರೀಕ್ಷೆ ಮುಗಿಸಿಕೊಳ್ಳುವುದು ಸೂಕ್ತ. ವೈದ್ಯರು ಮೊಹರು ಮಾಡಿದ ಲಕೋಟೆ ನೀಡಿದಲ್ಲಿ ಅದನ್ನು ತೆರೆಯತಕ್ಕದ್ದಲ್ಲ.

7. ವಿವಾಹ ನೈಜವೆಂಬುದಕ್ಕೆ ಪುರಾವೆ

ನಮ್ಮಲ್ಲಿ ಹಿರಿಯರು ನಿಶ್ಚಯಿಸಿದ ವಿವಾಹಗಳೇ ಹೆಚ್ಚು. ವಿವಾಹದ ನಂತರ ದಂಪತಿಗಳು ಕೂಡಿ ಕಳೆದದ್ದು ಎರಡು ಮೂರು ವಾರಗಳಷ್ಟೇ ಆಗಿರುವುದೂ ಸಾಮಾನ್ಯ. ಇದಷ್ಟೇ ಕಾರಣದಿಂದ ವಿವಾಹವನ್ನು ಸಂಶಯಿಸಲಾಗುವುದಿಲ್ಲ. ಆದರೆ ಸಂಬಂಧ ಹೇಗೆ ಕೂಡಿತು, ವಿವಾಹ ಹೇಗೆ ನಡೆಯಿತು, ನಂತರ ಹೇಗೆ ಮುಂದುವರಿದಿದೆ ಎಂಬ ಮೂರೂ ಘಟ್ಟಗಳಿಗೆ ಸಂಬಂಧಿಸಿದ ದಾಖಲೆಗಳಿದ್ದಲ್ಲಿ ಅನುಕೂಲ. ಉದಾಹರಣೆಗೆ:

- ನಿಶ್ಚಿತಾರ್ಥ, ವಿವಾಹ ಮತ್ತು ಆರತಕ್ಷತೆಯ ಛಾಯಾಚಿತ್ರಗಳು, ಎರಡೂ ಕಡೆಯ ಬಂಧುಗಳು ಇರುವಂಥವು;
- ಲಗ್ನಪತ್ರಿಕೆ, ಮಂಟಪದ ಹಾಗೂ ಇತರ ಖರ್ಚಿನ ರಸೀದಿಗಳು;
- ಪತಿ ಅಥವಾ ಪತ್ನಿ ಭಾರತಕ್ಕೆ ಬಂದುಹೋದ ವಿಮಾನ ಟಿಕೆಟ್ ಮತ್ತು ಪಾಸ್‌ಪೋರ್ಟ್ ಮುದ್ರೆಗಳ ಪ್ರತಿ;
- ದೂರವಾಣಿ ಕರೆ ಮತ್ತು ಸಂದೇಶಗಳ ದಾಖಲೆ, ಬೇರೆ ಬೇರೆ ತಿಂಗಳುಗಳಿಂದ ಆಯ್ದ ಕೆಲವು ಪುಟಗಳು;
- ಹಣ ರವಾನೆ, ಜಂಟಿ ಖಾತೆ, ವಿಮೆಯ ನಾಮನಿರ್ದೇಶನ ಇತ್ಯಾದಿ.

ಪೂರ್ಣ ಆಲ್ಬಮ್ ಒಯ್ಯುವ ಅಗತ್ಯವಿಲ್ಲ. ಹದಿನೈದು ಇಪ್ಪತ್ತು ಚಿತ್ರಗಳನ್ನು ಆಯ್ದು, ಹಿಂಬದಿಯಲ್ಲಿ ದಿನಾಂಕ, ಸ್ಥಳ ಮತ್ತು ಚಿತ್ರದಲ್ಲಿರುವವರ ಸಂಬಂಧವನ್ನು ಬರೆದರೆ ಸಾಕು. ಇಲ್ಲದ ದಾಖಲೆಯನ್ನು ಸೃಷ್ಟಿಸುವುದು, ವೀಸಾಕ್ಕಾಗಿಯೇ ಬಟ್ಟೆ ಬದಲಿಸಿ ಚಿತ್ರ ತೆಗೆಸುವುದು, ಹಿಂದಿನ ದಿನಾಂಕದ ರಸೀದಿ ಪಡೆಯುವುದು ಇವು ನಿಜವಾದ ವಿವಾಹವನ್ನೂ ಸುಳ್ಳೆಂದು ತೋರಿಸುತ್ತವೆ. ಇಂತಹ ಕೃತ್ಯಗಳಿಗೆ ಎಡೆಗೊಡಬಾರದು.

8. ಸಂದರ್ಶನದ ದಿನ

8.1 ಸಂದರ್ಶನ ಪತ್ರ, ಪಾಸ್‌ಪೋರ್ಟ್, ಡಿಎಸ್-260 ದೃಢೀಕರಣ ಪುಟ, ಎರಡು ಅಂಗುಲ ಚೌಕದ ಭಾವಚಿತ್ರಗಳು ಹಾಗೂ ಎಲ್ಲಾ ಮೂಲ ದಾಖಲೆಗಳನ್ನು ಒಂದೊಂದು ನಕಲಿನೊಡನೆ ಒಯ್ಯತಕ್ಕದ್ದು. ಈ ಮೊದಲೇ ಆನ್‌ಲೈನ್‌ನಲ್ಲಿ ಸಲ್ಲಿಸಿದ್ದರೂ ಮೂಲ ದಾಖಲೆ ತೋರಿಸಬೇಕಾಗುತ್ತದೆ.

8.2 ಮೊಬೈಲ್ ದೂರವಾಣಿ ಹಾಗೂ ಇತರ ವಿದ್ಯುನ್ಮಾನ ಸಾಧನಗಳಿಗೆ ಒಳಗೆ ಪ್ರವೇಶವಿಲ್ಲ. ಇವನ್ನು ತಂಗಿರುವ ಕೊಠಡಿಯಲ್ಲಿ ಅಥವಾ ಜೊತೆಗೆ ಬಂದವರ ಬಳಿ ಬಿಟ್ಟುಹೋಗುವುದು ಒಳಿತು. ದೂರವಾಣಿ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

8.3 ಕರ್ನಾಟಕದಿಂದ ಹೊರಡುವವರು ಸಂದರ್ಶನದ ದಿನವೇ ಮುಂಬೈ ತಲುಪುವಂತೆ ಪ್ರಯಾಣ ಯೋಜಿಸದೆ, ಹಿಂದಿನ ದಿನವೇ ತಲುಪುವುದು ಕ್ಷೇಮ. ಹಿಂದಿರುಗುವ ಟಿಕೆಟನ್ನು ಅದೇ ಸಂಜೆಗೆ ಕಾದಿರಿಸುವುದು ಬೇಡ.

8.4 ಒಳಗೆ ದಾಖಲೆಗಳ ಪರಿಶೀಲನೆ ಮತ್ತು ಬೆರಳಚ್ಚು ನಂತರ ಕಿಟಕಿಯೊಂದರ ಬಳಿ ಅಧಿಕಾರಿಯು ಮಾತನಾಡುತ್ತಾರೆ. ಮೊದಲಿಗೆ ಬಲಗೈಯನ್ನು ಎತ್ತಿ ಸತ್ಯವನ್ನೇ ಹೇಳುವುದಾಗಿ ಪ್ರಮಾಣ ಮಾಡಬೇಕಾಗುತ್ತದೆ. ಆ ಬಳಿಕ ಹೇಳಿದ ಪ್ರತಿಯೊಂದು ಮಾತೂ ಪ್ರಮಾಣಪೂರ್ವಕ ಹೇಳಿಕೆಯಾಗಿರುತ್ತದೆ.

8.5 ಈ ವೀಸಾಕ್ಕೆ ಇಂಗ್ಲಿಷ್ ಜ್ಞಾನ ಅರ್ಹತೆಯಲ್ಲ. ಇಂಗ್ಲಿಷಿನಲ್ಲಿ ಮಾತನಾಡಲು ಕಷ್ಟವಾಗುವವರು ತಮಗೆ ಬರುವ ಭಾಷೆ ಯಾವುದೆಂಬುದನ್ನು ಮೊದಲ ಕಿಟಕಿಯಲ್ಲಿಯೇ ತಿಳಿಸತಕ್ಕದ್ದು. ಅರ್ಥವಾಗದ ಪ್ರಶ್ನೆಗೆ ಊಹಿಸಿ ‘ಹೌದು’ ಎನ್ನುವುದಕ್ಕಿಂತ ಮತ್ತೊಮ್ಮೆ ಕೇಳಿ ತಿಳಿದುಕೊಳ್ಳುವುದು ಉತ್ತಮ. ಹೀಗೆ ಕೇಳುವುದು ತಪ್ಪಲ್ಲ.

9. ಸಾಮಾನ್ಯ ಪ್ರಶ್ನೆಗಳು ಮತ್ತು ಉತ್ತರಿಸುವ ಕ್ರಮ

ಸಂಬಂಧ ಕುದುರಿಸಿದವರು ಯಾರು, ಮೊದಲು ಭೇಟಿಯಾದದ್ದು ಎಲ್ಲಿ, ವಿವಾಹ ಎಂದು ಮತ್ತು ಎಲ್ಲಿ ನಡೆಯಿತು, ಸುಮಾರು ಎಷ್ಟು ಜನ ಬಂದಿದ್ದರು, ವಿವಾಹದ ನಂತರ ಎಲ್ಲಿ ಉಳಿದುಕೊಂಡಿರಿ, ಪತಿ ಅಥವಾ ಪತ್ನಿಯ ಉದ್ಯೋಗವೇನು, ಅವರು ವಾಸಿಸುವ ಊರು ಯಾವುದು, ಮನೆಯಲ್ಲಿ ಬೇರೆ ಯಾರಿದ್ದಾರೆ, ಅವರಿಗೆ ಹಿಂದೆ ವಿವಾಹವಾಗಿತ್ತೇ, ಎಷ್ಟು ದಿನಕ್ಕೊಮ್ಮೆ ಮಾತನಾಡುತ್ತೀರಿ ಎಂಬಂತಹ ಪ್ರಶ್ನೆಗಳು ಸಾಮಾನ್ಯ. ಸಂದರ್ಶನವು ಕೆಲವೇ ನಿಮಿಷಗಳಲ್ಲಿ ಮುಗಿಯಬಹುದು. ಬೇಗ ಮುಗಿದರೆ ನಿರಾಕರಣೆಯೆಂದು ಭಾವಿಸಬೇಕಿಲ್ಲ.

ಉತ್ತರಿಸುವಾಗ ಗಮನಿಸತಕ್ಕ ಅಂಶಗಳು:

ಅ) ಕೇಳಿದ್ದಕ್ಕೆ ಮಾತ್ರ ನೇರವಾಗಿ ಉತ್ತರಿಸಿ.

ಆ) ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಹೇಳಿ. ಹೊಸದಾಗಿ ವಿವಾಹವಾದವರಿಗೆ ಪತಿಯ ಸಂಬಳ ಅಥವಾ ಕಂಪನಿಯ ವಿಳಾಸ ತಿಳಿಯದಿರುವುದು ಅಸಹಜವಲ್ಲ. ಊಹಿಸಿ ಹೇಳಿದ ಅಂಕಿಯು ತೆರಿಗೆ ದಾಖಲೆಗೆ ಹೊಂದದಿದ್ದಾಗ ಅನಗತ್ಯ ಸಂಶಯಕ್ಕೆ ಕಾರಣವಾಗುತ್ತದೆ.

ಇ) ವಿವಾಹದ ದಿನಾಂಕ ಹಾಗೂ ನೋಂದಣಿಯ ದಿನಾಂಕ ಬೇರೆಯಾಗಿದ್ದಲ್ಲಿ ಎರಡನ್ನೂ ವಿವರಿಸಿ ಹೇಳಿ.

ಈ) ಅರ್ಜಿಯಲ್ಲಿ ತಪ್ಪಾಗಿರುವುದು ಗಮನಕ್ಕೆ ಬಂದಿದ್ದರೆ ಅಧಿಕಾರಿಯು ಕೇಳುವ ಮುನ್ನ ತಾವೇ ತಿಳಿಸಿ ತಿದ್ದಿಸಿಕೊಳ್ಳಿ.

ಉ) ಅಮೆರಿಕದ ವೀಸಾ ಈ ಹಿಂದೆ ನಿರಾಕರಣೆಯಾಗಿದ್ದರೆ ಮುಚ್ಚಿಡಬೇಡಿ. ಆ ದಾಖಲೆ ಅವರ ಬಳಿ ಇರುತ್ತದೆ.

ಮಹತ್ವದ ವಿಷಯದಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದಲ್ಲಿ ಅಥವಾ ನಕಲಿ ದಾಖಲೆ ನೀಡಿದಲ್ಲಿ ಅಮೆರಿಕದ ವಲಸೆ ಕಾನೂನಿನಂತೆ ಅರ್ಜಿದಾರರು ಶಾಶ್ವತವಾಗಿ ಅನರ್ಹರಾಗಬಹುದು. ವಲಸೆ ಕಾನೂನನ್ನು ತಪ್ಪಿಸುವ ಸಲುವಾಗಿ ಮಾಡಿಕೊಂಡ ಹುಸಿ ವಿವಾಹಕ್ಕೆ ಆ ದೇಶದಲ್ಲಿ ಐದು ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 2,50,000 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ.

10. ಸಂದರ್ಶನದ ಫಲಿತಾಂಶ

10.1 ಮಂಜೂರಾತಿ: ಪಾಸ್‌ಪೋರ್ಟನ್ನು ಕಚೇರಿಯಲ್ಲಿ ಇರಿಸಿಕೊಂಡು, ವೀಸಾ ಮುದ್ರಿಸಿ ಹಿಂದಿರುಗಿಸಲಾಗುತ್ತದೆ. ಪಾಸ್‌ಪೋರ್ಟ್ ಕೈಸೇರುವವರೆಗೆ ನೌಕರಿಗೆ ರಾಜೀನಾಮೆ ನೀಡುವುದು, ಸ್ವತ್ತು ಮಾರುವುದು, ವಿಮಾನ ಟಿಕೆಟ್ ಖರೀದಿಸುವುದು ಬೇಡ. ವೀಸಾ ಸಾಮಾನ್ಯವಾಗಿ ಗರಿಷ್ಠ ಆರು ತಿಂಗಳು ಸಿಂಧುವಾಗಿದ್ದು, ವೈದ್ಯಕೀಯ ವರದಿಯ ಅವಧಿಗನುಗುಣವಾಗಿ ಇನ್ನೂ ಕಡಿಮೆ ಇರಬಹುದು. ಪ್ರಯಾಣಕ್ಕೆ ಮುನ್ನ ಪ್ರತ್ಯೇಕ ವಲಸೆಗಾರ ಶುಲ್ಕವನ್ನೂ ಪಾವತಿಸಬೇಕಾಗುತ್ತದೆ. 2024ರ ಏಪ್ರಿಲ್ 1ರಿಂದ ಇದು 235 ಡಾಲರ್ ಆಗಿದೆ.

10.2 ಕಲಂ 221(ಜಿ) ಪತ್ರ: ದಾಖಲೆ ಕೊರತೆಯಿದ್ದಲ್ಲಿ ಅಥವಾ ಹೆಚ್ಚಿನ ಪರಿಶೀಲನೆ ಅಗತ್ಯವಿದ್ದಲ್ಲಿ ಈ ಪತ್ರ ನೀಡಲಾಗುತ್ತದೆ. ಇದು ಅಂತಿಮ ನಿರಾಕರಣೆಯಲ್ಲ. ಪತ್ರದಲ್ಲಿ ಕೇಳಿದ ದಾಖಲೆಗಳನ್ನು, ಅದರಲ್ಲಿ ಸೂಚಿಸಿದ ವಿಧಾನದಲ್ಲಿಯೇ, ಒಂದು ವರ್ಷದೊಳಗೆ ಸಲ್ಲಿಸದಿದ್ದಲ್ಲಿ ಮತ್ತೆ ಅರ್ಜಿ ಹಾಗೂ ಶುಲ್ಕ ಸಲ್ಲಿಸಬೇಕಾಗಬಹುದು.

10.3 ಮನವಿ ಹಿಂದಿರುಗಿಸುವಿಕೆ: ವಿವಾಹ ನೈಜವಲ್ಲವೆಂದು ಅಧಿಕಾರಿಗೆ ಕಂಡುಬಂದಲ್ಲಿ ಮನವಿಯನ್ನು ಅಮೆರಿಕದ ವಲಸೆ ಸಂಸ್ಥೆಗೆ ಹಿಂದಿರುಗಿಸಲಾಗುತ್ತದೆ. ಆಗ ಆ ಸಂಸ್ಥೆಯಿಂದ ಬರುವ ನೋಟಿಸಿಗೆ ಮನವಿದಾರರು ನಿಗದಿತ ಅವಧಿಯಲ್ಲಿ ಪುರಾವೆಗಳೊಂದಿಗೆ ಉತ್ತರಿಸಬಹುದು. ಈ ಹಂತದಲ್ಲಿ ಅಲ್ಲಿನ ಅರ್ಹ ವಲಸೆ ವಕೀಲರ ಸಲಹೆ ಪಡೆಯುವುದು ಸೂಕ್ತ.

11. ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಕಾನ್ಸುಲೇಟ್ ಒಳಗೆ ಪರಿಚಯವಿದೆ, ಹಣ ನೀಡಿದರೆ ವೀಸಾ ಖಚಿತ ಎಂದು ಹೇಳುವವರನ್ನು ನಂಬಬಾರದು. ಸಿದ್ಧ ಉತ್ತರಗಳನ್ನು ಕಲಿಸುವವರಿಂದಲೂ ದೂರವಿರುವುದು ಲೇಸು. ಒಂದೇ ಬಗೆಯ ಉತ್ತರಗಳನ್ನು ಅಧಿಕಾರಿಗಳು ಸುಲಭವಾಗಿ ಗುರುತಿಸುತ್ತಾರೆ. ಪಾಸ್‌ಪೋರ್ಟ್ ಅಥವಾ ಮೂಲ ದಾಖಲೆಗಳನ್ನು ಮಧ್ಯವರ್ತಿಗಳ ವಶಕ್ಕೆ ಒಪ್ಪಿಸಬಾರದು.

12. ಪ್ರಯಾಣಕ್ಕೆ ಮುನ್ನ ತಿಳಿದಿರಬೇಕಾದ ಹಕ್ಕುಗಳು

ವೀಸಾ ದೊರೆತು ಅಮೆರಿಕ ಪ್ರವೇಶಿಸಿದ ದಿನದಿಂದಲೇ ಅರ್ಜಿದಾರರು ಕಾಯಂ ನಿವಾಸಿಯಾಗುತ್ತಾರೆ ಹಾಗೂ ಉದ್ಯೋಗ ಮಾಡಬಹುದು. ಪ್ರವೇಶ ಮುದ್ರೆ ಬಿದ್ದ ವೀಸಾವು ಒಂದು ವರ್ಷದವರೆಗೆ ಕಾಯಂ ನಿವಾಸದ ಪುರಾವೆಯಾಗಿರುತ್ತದೆ. ಪಾಸ್‌ಪೋರ್ಟ್ ಮತ್ತು ನಿವಾಸಿ ಪತ್ರ ಅವರ ಸ್ವಂತ ದಾಖಲೆಗಳು. ಅವುಗಳನ್ನು ಕಿತ್ತಿಟ್ಟುಕೊಳ್ಳಲು ಪತಿಗಾಗಲಿ ಅತ್ತೆ ಮಾವಂದಿರಿಗಾಗಲಿ ಹಕ್ಕಿಲ್ಲ. ಎಲ್ಲಾ ದಾಖಲೆಗಳ ಒಂದು ಪ್ರತಿಯನ್ನು ತವರುಮನೆಯಲ್ಲಿ ಇರಿಸಿ ಹೊರಡುವುದು ಒಳಿತು.

ಸಿಆರ್-1 ವರ್ಗದವರು ಎರಡು ವರ್ಷದ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ನಮೂನೆಯನ್ನು ಪತಿ ಪತ್ನಿ ಜಂಟಿಯಾಗಿ ಸಲ್ಲಿಸತಕ್ಕದ್ದು. ‘ನಾನು ಸಹಿ ಹಾಕದಿದ್ದರೆ ನೀನು ಊರಿಗೆ ಹಿಂದಿರುಗಬೇಕಾಗುತ್ತದೆ’ ಎಂಬ ಬೆದರಿಕೆಗೆ ಹೆದರಬೇಕಾಗಿಲ್ಲ. ದೌರ್ಜನ್ಯ ಅಥವಾ ವಿಚ್ಛೇದನದ ಸಂದರ್ಭದಲ್ಲಿ ಒಬ್ಬರೇ ಅರ್ಜಿ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ.

ಅಮೆರಿಕದಲ್ಲಿ ತುರ್ತು ಸಂದರ್ಭದಲ್ಲಿ 911 ಹಾಗೂ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 1-800-799-7233ಕ್ಕೆ ಕರೆ ಮಾಡಬಹುದು. ಭಾರತದ ರಾಯಭಾರ ಕಚೇರಿ ಹಾಗೂ ಕಾನ್ಸುಲೇಟುಗಳಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಅನಿವಾಸಿ ಭಾರತೀಯ ಪತಿಯಿಂದ ತೊಂದರೆಗೊಳಗಾದ ಮಹಿಳೆಯರಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಲ್ಲಿ ಪ್ರತ್ಯೇಕ ಘಟಕವನ್ನು ಆರಂಭಿಸಲಾಗಿದೆ. ರಾಜ್ಯದೊಳಗೆ ಮಹಿಳಾ ಸಹಾಯವಾಣಿ 181 ಲಭ್ಯವಿದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂದರ್ಶನಕ್ಕೆ ಅಮೆರಿಕದಲ್ಲಿರುವ ಪತಿಯೂ ಹಾಜರಿರಬೇಕೆ?
ಉತ್ತರ: ಕಡ್ಡಾಯವಲ್ಲ.

ಪ್ರಶ್ನೆ: ಪ್ರವಾಸಿ ವೀಸಾದಂತೆ ಭಾರತಕ್ಕೆ ಹಿಂದಿರುಗುವುದಾಗಿ ತೋರಿಸಬೇಕೆ?
ಉತ್ತರ: ಬೇಕಿಲ್ಲ. ಇದು ಅಲ್ಲಿಯೇ ನೆಲೆಸಲು ನೀಡುವ ವೀಸಾ. ಜಮೀನಿನ ಪಹಣಿ, ಮನೆಯ ಪತ್ರ ಮುಂತಾದವು ಅನಗತ್ಯ.

ಪ್ರಶ್ನೆ: ಸಂದರ್ಶನಕ್ಕೆ ನಿಗದಿತ ದಿನ ಹಾಜರಾಗಲು ಸಾಧ್ಯವಾಗದಿದ್ದರೆ?
ಉತ್ತರ: ಸಂದರ್ಶನ ಪತ್ರದಲ್ಲಿ ಸೂಚಿಸಿದ ಕ್ರಮದಂತೆ ಮುಂಚಿತವಾಗಿ ತಿಳಿಸಿ ಬೇರೆ ದಿನಾಂಕ ಕೋರತಕ್ಕದ್ದು. ತಿಳಿಸದೆ ಗೈರುಹಾಜರಾಗಬಾರದು.

ಸೂಚನೆ: ವೀಸಾ ನಿಯಮ ಮತ್ತು ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿದಾರರು ಅಮೆರಿಕದ ವಿದೇಶಾಂಗ ಇಲಾಖೆ ಮತ್ತು ಮುಂಬೈ ಕಾನ್ಸುಲೇಟಿನ ಅಧಿಕೃತ ಜಾಲತಾಣಗಳನ್ನು ಪರಿಶೀಲಿಸಿ ಮುಂದುವರಿಯಬೇಕೆಂದು ಕೋರಲಾಗಿದೆ.